ಪೀರ್ ಸಪೋರ್ಟ್ ವರ್ಕರ್: ಆಸ್ಪತ್ರೆಗೂ ಲೈನ್‌ಮನೆಗೂ ನಡುವಿನ ಕೆಲಸ

ಒಂದು ಕಾಯಿಲೆಯನ್ನು ಸ್ವತಃ ಅನುಭವಿಸಿ ಎದ್ದು ಬಂದವರು, ಇಲ್ಲವೇ ಅದರ ಜೊತೆಗೇ ಬದುಕು ನಡೆಸಲು ಕಲಿತವರು, ಈಗ ಅದೇ ಕಾಯಿಲೆಯಲ್ಲಿ ಒದ್ದಾಡುತ್ತಿರುವ ಇನ್ನೊಬ್ಬರ ಜೊತೆ ನಿಲ್ಲುತ್ತಾರೆ. ಇದನ್ನೇ ಆರೋಗ್ಯ ಸೇವೆಯ ಒಂದು ಕೆಲಸವಾಗಿ ಮಾಡಿದರೆ ಅವರು ಪೀರ್ ಸಪೋರ್ಟ್ ವರ್ಕರ್. ಟಿಬಿ ವಾಸಿಯಾದವರು ಟಿಬಿ ಬಂದವರಿಗೆ. ಕುಡಿತ ಬಿಟ್ಟವರು ಬಿಡಲು ನೋಡುತ್ತಿರುವವರಿಗೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಥರದ ಮಾನಸಿಕ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ತಗೊಂಡು ಸಂಸಾರ, ಕೆಲಸ ಎರಡನ್ನೂ ನಿಭಾಯಿಸುತ್ತಿರುವವರು ಮೊನ್ನೆಯಷ್ಟೇ ಡಿಸ್ಚಾರ್ಜ್ ಆಗಿ ಮನೆಗೆ ಬಂದವರಿಗೆ.

ಕೇಳಲು ಸರಳ. ಆದರೆ ಕೊಡಗಿನಲ್ಲಿ ಈ ಕೆಲಸದ ಬಗ್ಗೆ ಮಾತು ತೆಗೆದರೆ ಸಾಮಾನ್ಯವಾಗಿ ಎರಡು ಪ್ರಶ್ನೆ ಎದುರಾಗುತ್ತವೆ. "ಆಶಾ ಕಾರ್ಯಕರ್ತೆಯರು ಇದ್ದಾರಲ್ಲ, ಮತ್ತೆ ಇವರು ಯಾಕೆ?" ಅನ್ನುವುದು ಒಂದು. "ಅವರಿಗೇ ಹುಷಾರಿಲ್ಲ, ಇನ್ನೊಬ್ಬರನ್ನ ಏನು ನೋಡ್ಕೊಳ್ತಾರೆ?" ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಹೇಳುವುದು ಸುಲಭ. ಆಶಾ ಅಕ್ಕಂದಿರ ಕೈಯಲ್ಲಿ ಬಸುರಿ, ಬಾಣಂತಿ, ಮಕ್ಕಳ ಲಸಿಕೆ, ಸರ್ವೆ, ಜ್ವರದ ಲೆಕ್ಕ, ಮೊಬೈಲ್‌ನಲ್ಲಿ ತುಂಬಬೇಕಾದ ಎಂಟ್ರಿ, ಎಲ್ಲ ಇದೆ. ಅವರು ಇಡೀ ಊರಿಗೆ ಸೇರಿದವರು. ಪೀರ್ ವರ್ಕರ್ ಒಂದೇ ಅನುಭವಕ್ಕೆ ಸೇರಿದವರು, ಅವರ ಅರ್ಹತೆ ಇರುವುದೇ ಅಲ್ಲಿ. ಕೌನ್ಸೆಲರ್ ಓದಿ ಕಲಿತಿರುತ್ತಾರೆ, ಡಾಕ್ಟರ್ ರೋಗ ಪತ್ತೆ ಮಾಡಿ ಔಷಧಿ ಬರೆಯುತ್ತಾರೆ, ನರ್ಸ್ ಇಂಜೆಕ್ಷನ್ ಕೊಡುತ್ತಾರೆ. ಪೀರ್ ವರ್ಕರ್ ಇದ್ಯಾವುದನ್ನೂ ಮಾಡುವುದಿಲ್ಲ, ಮಾಡಲೂಬಾರದು. "ಈ ಮಾತ್ರೆ ನುಂಗಿದ ಮೇಲೆ ಬೆಳಿಗ್ಗೆ ಮೈ ಎಷ್ಟು ಭಾರ ಇರುತ್ತೆ ಅಂತ ನನಗೆ ಗೊತ್ತು" ಅಂತ ಹೇಳಲು ಆ ತಂಡದಲ್ಲಿ ಇರುವುದು ಅವರೊಬ್ಬರೇ.

ಎರಡನೇ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಅದಕ್ಕೆ ಮೊದಲು ನಮ್ಮ ಜಿಲ್ಲೆ ಹೇಗಿದೆ ಅಂತ ನೋಡಬೇಕು.

ಕೊಡಗಿನಲ್ಲಿ ಇದು ಯಾಕೆ ಬೇಕು

2011ರ ಜನಗಣತಿ ಪ್ರಕಾರ ಜಿಲ್ಲೆಯ ಜನಸಂಖ್ಯೆ 5,54,519. ಐದು ತಾಲ್ಲೂಕು, ರೈಲು ಇಲ್ಲ, ಬೆಟ್ಟ ಗುಡ್ಡ, ತೋಟದ ಒಳಗೆ ಒಳಗೆ ಹೋಗುವ ರಸ್ತೆಗಳು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಇಲ್ಲಿ ಇಲ್ಲವೇ ಇಲ್ಲ ಅಂತೇನೂ ಅಲ್ಲ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜಿನ ಬೋಧಕ ಆಸ್ಪತ್ರೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ಆ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾಗಿದ್ದು ನಮ್ಮದೇ ಬಳ್ಳಾರಿ, 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗ. ತಾಲ್ಲೂಕು ಮಟ್ಟಕ್ಕೆ ಮನೋವೈದ್ಯರನ್ನು ತರಲು ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಯೋಜನೆಯೂ ರಾಜ್ಯದಲ್ಲಿ ಬಂದಿದೆ. ಟಿಬಿ ಮಾತ್ರೆ ಉಚಿತ. ಎಚ್‌ಐವಿ ಮಾತ್ರೆಯೂ ಉಚಿತ.

ತೊಂದರೆ ಶುರುವಾಗುವುದು ಆಸ್ಪತ್ರೆಯ ಗೇಟು ದಾಟಿದ ಮೇಲೆ. ಕುಟ್ಟದ ಕಡೆಯ ಒಂದು ಹಾಡಿಯಿಂದಲೋ (ಆದಿವಾಸಿಗಳ ಕೇರಿ), ಶನಿವಾರಸಂತೆ ಕಡೆಯ ಒಂದು ಹಳ್ಳಿಯಿಂದಲೋ ಮಡಿಕೇರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಮೇಲಿಂದ ಬಸ್ ಚಾರ್ಜು. ಜೊತೆಗೆ ಒಬ್ಬರು ಬರಬೇಕಾದರೆ ಅವರದ್ದೂ ಹೋಯಿತು. ಕಾಫಿ ಕೊಯ್ಲಿನ ಸೀಸನ್‌ನಲ್ಲಿ ಕಿಲೋ ಲೆಕ್ಕದಲ್ಲಿ ದುಡ್ಡು, ಒಂದು ದಿನ ತಪ್ಪಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಆನೆ ಓಡಾಡುವ ಕಡೆ ಸಂಜೆ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಇದರ ನಡುವೆ ತಿಂಗಳ ಮಾತ್ರೆ ಮುಗಿದು ಒಂದು ವಾರ ತಡವಾದರೆ ಕೇಳುವವರು ಯಾರು?

ಭಾಷೆಯ ವಿಷಯವೂ ಇದೆ. ಡಾಕ್ಟರ್ ಕನ್ನಡದಲ್ಲಿ ಕೇಳುತ್ತಾರೆ, ಎದುರಿಗೆ ಕೂತವರಿಗೆ ಮನಸ್ಸಿನ ಸಂಕಟ ಹೇಳಿಕೊಳ್ಳಲು ಬರುವುದು ಎರವ ಭಾಷೆಯಲ್ಲೋ, ಜೇನುಕುರುಬರ ಮಾತಿನಲ್ಲೋ, ಅರೆಭಾಷೆಯಲ್ಲೋ, ಮಲಯಾಳದಲ್ಲೋ. ಅಸ್ಸಾಮಿನಿಂದ ಬಂದ ಕೂಲಿಕಾರರಿಗೆ ಇವ್ಯಾವುವೂ ಅಲ್ಲ. "ನಿದ್ದೆ ಬರುತ್ತಾ?" "ಹೂಂ." "ಊಟ ಸೇರುತ್ತಾ?" "ಹೂಂ." ಮುಗಿಯಿತು. ಚೀಟಿ ಹಿಡಿದು ಹೊರಗೆ ಬಂದ ಮೇಲೆ, ಬಸ್‌ಸ್ಟ್ಯಾಂಡ್ ಬೆಂಚಿನ ಮೇಲೆ ಕೂತು ಪೀರ್ ವರ್ಕರ್ ಹತ್ತಿರ ಅದೇ ಮನುಷ್ಯ ಅರ್ಧ ಗಂಟೆ ಮಾತಾಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಬಂದ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಮುಂದಿನ ಸಲ ಡಾಕ್ಟರ್ ಮುಂದೆ ಇಡಲು ಸಹಾಯ ಮಾಡುವುದು ಈ ಕೆಲಸದ ದೊಡ್ಡ ಭಾಗ.

ಹತ್ತಿರದಿಂದ ನೋಡಿದರೆ

ಸಿದ್ದಾಪುರದ ಕಡೆಯ ಒಂದು ಲೈನ್‌ಮನೆ, ಅಂದರೆ ತೋಟದ ಕೂಲಿಕಾರರ ಮನೆ ಸಾಲು, ಅಂದುಕೊಳ್ಳಿ. ಸಾಲಾಗಿ ಕೋಣೆಗಳು, ಒಂದೇ ಗೋಡೆಯ ಆಚೀಚೆ ಎರಡು ಸಂಸಾರ. ಒಬ್ಬ ಹೆಂಗಸಿಗೆ ಟಿಬಿ ಅಂತ ಗೊತ್ತಾಗಿ ಮಾತ್ರೆ ಶುರುವಾಗಿದೆ. ಎರಡನೇ ದಿನ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಆಸ್ಪತ್ರೆಯಲ್ಲಿ ಹೇಳಿಯೇ ಇರುತ್ತಾರೆ, ಆದರೆ ಅವತ್ತು ಟಿಬಿ ಅನ್ನುವ ಪದ ಕಿವಿಗೆ ಬಿದ್ದ ಮೇಲೆ ಮುಂದಿನ ಯಾವ ಮಾತೂ ತಲೆಗೆ ಹೋಗಿರುವುದಿಲ್ಲ. ರಕ್ತ ಹೋಗುತ್ತಿದೆ ಅಂದುಕೊಂಡು ಮಾತ್ರೆ ನಿಲ್ಲಿಸಿಬಿಡುತ್ತಾರೆ, ಯಾರಿಗೂ ಹೇಳುವುದಿಲ್ಲ. ಇಂಥ ಮನೆಗೆ ಟಿಬಿ ವಾಸಿಯಾದ ಒಬ್ಬ ಅಕ್ಕ ಹೋಗುತ್ತಾರೆ. ಮೊದಲು ಕೂತು ಕಾಫಿ ಕುಡಿಯುತ್ತಾರೆ. ಆ ಮನೆಯಲ್ಲಿ, ಆ ಲೋಟದಲ್ಲಿ ಕಾಫಿ ಕುಡಿಯುವುದೇ ಅರ್ಧ ಚಿಕಿತ್ಸೆ ಅಂತ ನನ್ನ ನಂಬಿಕೆ, ಯಾಕೆಂದರೆ ಅಷ್ಟು ಹೊತ್ತಿಗೆ ಪಕ್ಕದ ಮನೆಯವರು ಬರುವುದನ್ನು ನಿಲ್ಲಿಸಿರುತ್ತಾರೆ. ಆಮೇಲೆ ಮೆತ್ತಗೆ, "ನನಗೂ ಮೂತ್ರ ಕೆಂಪಗೆ ಆಗಿತ್ತಮ್ಮ, ನಾನೂ ಹೆದರಿದ್ದೆ, ಅದು ಮಾತ್ರೆಯ ಬಣ್ಣ ಅಷ್ಟೇ" ಅನ್ನುತ್ತಾರೆ. ರಿಫಾಂಪಿಸಿನ್ ಅನ್ನುವ ಔಷಧಿ ಹಾಗೆ ಮಾಡುತ್ತದೆ, ಅದರಿಂದ ಅಪಾಯ ಇಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು, ಅದು ಬೇರೆಯದೇ ವಿಷಯ. ಎರಡರ ವ್ಯತ್ಯಾಸ ಪೀರ್ ವರ್ಕರ್‌ಗೆ ಗೊತ್ತಿರಲೇಬೇಕು.

ಸಾಮಾನ್ಯ ಟಿಬಿಗೆ ಚಿಕಿತ್ಸೆ ಆರು ತಿಂಗಳು. ಎರಡು ತಿಂಗಳಿಗೆ ಕೆಮ್ಮು ಹೋಗಿ ಹಸಿವು ಬರುತ್ತದೆ, ಹುಷಾರಾಯಿತು ಅಂತ ಮಾತ್ರೆ ಬಿಡುವುದು ಆ ಹೊತ್ತಿಗೇ. ಅರ್ಧಕ್ಕೆ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಿಗೆ ಬಗ್ಗದ ಟಿಬಿಯೂ ಆಗಬಹುದು. ಇದನ್ನು ಪೋಸ್ಟರ್ ಕೂಡ ಹೇಳುತ್ತದೆ. ಆದರೆ ಮೂರನೇ ತಿಂಗಳಲ್ಲಿ ಮಾತ್ರೆ ನೋಡಿದರೇ ಹೊಟ್ಟೆ ತೊಳಸುವಾಗ ಏನು ಮಾಡಿದೆ, ಗಂಡನಿಗೆ ಹೇಗೆ ಹೇಳಿದೆ, ಕೆಲಸ ಬಿಡಿಸುತ್ತಾರೆ ಅಂತ ಹೆದರಿ ತೋಟದಲ್ಲಿ ಹಾಜರಿ ಬರೆಯುವ ರೈಟರ್‌ಗೆ ಹೇಳಬೇಕೋ ಬೇಡವೋ ಅಂತ ಹೇಗೆ ತೀರ್ಮಾನ ಮಾಡಿದೆ, ಇವು ಯಾವ ಪೋಸ್ಟರಿನಲ್ಲೂ ಇರುವುದಿಲ್ಲ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ಆಹಾರಕ್ಕೆ ಅಂತ ದುಡ್ಡು ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಅದು ಬ್ಯಾಂಕ್ ಖಾತೆಗೆ ಬರಬೇಕು, ಖಾತೆ ಇಲ್ಲದೆ, ಹೆಸರು ತಾಳೆಯಾಗದೆ ಎಷ್ಟೋ ಜನರಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅವರನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ನಿಲ್ಲುವುದೂ ಪೀರ್ ಕೆಲಸವೇ. ಟಿಬಿ ಕಾರ್ಯಕ್ರಮದಲ್ಲಿ ಇಂಥವರನ್ನು ಟಿಬಿ ಚಾಂಪಿಯನ್ ಅಂತ ಕರೆಯುತ್ತಾರೆ.

ಮಾನಸಿಕ ಕಾಯಿಲೆಯಲ್ಲಿ ಇದೇ ಥರದ ಸಣ್ಣ ಸಣ್ಣ ವಿಷಯಗಳೇ ಚಿಕಿತ್ಸೆಯನ್ನು ಉಳಿಸುವುದು ಅಥವಾ ಕೆಡಿಸುವುದು. ರಾತ್ರಿ ಮಾತ್ರೆಯನ್ನು ಹತ್ತು ಗಂಟೆಗೆ ನುಂಗಿದರೆ ಬೆಳಿಗ್ಗೆ ರೈಟರ್ ಹಾಜರಿ ಹಾಕುವ ಹೊತ್ತಿಗೆ ಏಳಲು ಆಗುವುದಿಲ್ಲ. ಹಾಜರಿ ತಪ್ಪಿದರೆ ಕೂಲಿ ಇಲ್ಲ. ಹಾಗಾಗಿ ಮನುಷ್ಯ ಮಾತ್ರೆಯನ್ನೇ ಬಿಡುತ್ತಾನೆ, ಮನೆಯವರು "ಹಟ" ಅನ್ನುತ್ತಾರೆ. ಅದೇ ಮಾತ್ರೆ ನುಂಗಿದ ಅನುಭವ ಇರುವವರಿಗೆ ಮಾತ್ರ ಇದು ಹಟ ಅಲ್ಲ ಅಂತ ಗೊತ್ತು. ಅವರು "ಮಾತ್ರೆ ಅರ್ಧ ಮಾಡ್ಕೋ" ಅನ್ನಬಾರದು, ಖಂಡಿತ ಅನ್ನಬಾರದು. "ಡಾಕ್ಟರ್ ಹತ್ರ ಹೀಗೆ ಕೇಳು: ಊಟ ಆದ ಕೂಡಲೇ ಬೇಗ ತಗೊಳ್ಳಬಹುದಾ, ಬೇರೆ ಮಾತ್ರೆ ಇದೆಯಾ" ಅಂತ ಪ್ರಶ್ನೆಯನ್ನು ಕೈಗೆ ಕೊಡಬೇಕು. ಕೇಳುವ ಧೈರ್ಯ ಬರದಿದ್ದರೆ ಪಕ್ಕದಲ್ಲಿ ಕೂರಬೇಕು.

ಮಂತ್ರವಾದಿ, ಹರಕೆ, ಗಾಳಿ ಸೋಕಿದ್ದು, ಇವೆಲ್ಲ ಬಂದೇ ಬರುತ್ತವೆ. ಇಲ್ಲಿ ವಾದಕ್ಕೆ ಇಳಿದ ಪೀರ್ ವರ್ಕರ್‌ಗೆ ಆ ಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ. ಹರಕೆ ತೀರಿಸಿ, ಮಾತ್ರೆಯನ್ನೂ ಬಿಡಬೇಡಿ ಅನ್ನುವುದೇ ದಾರಿ. ಆದರೆ ಕಟ್ಟಿಹಾಕುವುದು, ಹೊಡೆಯುವುದು, ಹೊಗೆ ಹಾಕುವುದು ಅಂತ ಶುರುವಾದರೆ ಸುಮ್ನೆ ಇರುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಅದು ಜಾರಿಗೆ ಬಂದಿದ್ದು 2018ರ ಮೇ ತಿಂಗಳಲ್ಲಿ, ಘನತೆಯಿಂದ ಬದುಕುವ ಹಕ್ಕನ್ನು ಕಾಯಿಲೆ ಇರುವವರಿಗೆ ಸ್ಪಷ್ಟವಾಗಿ ಕೊಟ್ಟಿದೆ. ಮುಂದೆ ಹುಷಾರು ತಪ್ಪಿದರೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಮೊದಲೇ ಬರೆದಿಡುವ ಅವಕಾಶವೂ ಅದರಲ್ಲಿದೆ. ಇದು ತುಂಬ ಜನರಿಗೆ ಗೊತ್ತೇ ಇಲ್ಲ. ಗೊತ್ತಿದ್ದ ಪೀರ್ ವರ್ಕರ್ ಒಬ್ಬರು ಕೂರಿಸಿಕೊಂಡು ಬರೆಸಿದರೆ ಆ ಮನುಷ್ಯನಿಗೆ ತನ್ನ ಬದುಕಿನ ಮೇಲೆ ಮತ್ತೆ ಹಿಡಿತ ಸಿಕ್ಕ ಹಾಗೆ.

ಕುಡಿತದ ವಿಷಯ ಬೇರೆಯಾಗಿಯೇ ಹೇಳಬೇಕು

ಕೊಡಗಿನಲ್ಲಿ ಮದುವೆಗೂ ಮದ್ಯ, ಹಬ್ಬಕ್ಕೂ ಮದ್ಯ. ಅದು ಇಲ್ಲಿನ ಆತಿಥ್ಯದ ಭಾಗ, ಅದನ್ನು ಕೀಳಾಗಿ ಕಾಣುವ ಅಗತ್ಯ ಏನೂ ಇಲ್ಲ. ಆದರೆ ಕುಡಿತ ಬಿಟ್ಟ ಮನುಷ್ಯನಿಗೆ ಡಿಸೆಂಬರ್‌ನಿಂದ ಮೇವರೆಗಿನ ಮದುವೆ ಸೀಸನ್ ಅಂದರೆ ಪ್ರತಿ ವಾರ ಒಂದು ಪರೀಕ್ಷೆ. ಒಂದೇ ಪೆಗ್, ನನ್ನ ಮರ್ಯಾದೆಗೆ ಅಂತ ಸ್ವಂತ ಭಾವನೇ ಕೈ ಹಿಡಿದು ಕೂರಿಸಿದರೆ ಏನು ಮಾಡಬೇಕು? ಕುಡಿತ ಬಿಟ್ಟ ಇನ್ನೊಬ್ಬರಿಗೆ ಇದರ ಉತ್ತರ ಮೈಯಲ್ಲೇ ಇರುತ್ತದೆ. ಹೋದ ಕೂಡಲೇ ಜ್ಯೂಸಿನ ಲೋಟ ಕೈಗೆ ತಗೋ, ಖಾಲಿ ಕೈ ಕಂಡರೆ ಎಲ್ಲರೂ ತುಂಬಲು ಬರುತ್ತಾರೆ. ಮುಹೂರ್ತಕ್ಕೆ ಹೋಗು, ವಾಲಗದ ಕುಣಿತ ಜೋರಾಗುವ ಮೊದಲು ಊಟ ಮಾಡಿ ಹೊರಡು. ವಾಪಸ್ ಬರುವ ಗಾಡಿ ನಿನ್ನದೇ ಇರಲಿ, ಇನ್ನೊಬ್ಬರ ಜೀಪಿಗೆ ಕಾಯಬೇಡ. ಲೈನ್‌ಮನೆಯಲ್ಲಿ ಇರುವವರಿಗೆ ಪರೀಕ್ಷೆಯ ದಿನ ಬಟವಾಡೆ ಆದ ಸಂಜೆ ಮತ್ತು ಸಂತೆಯ ದಿನ. ಬಟವಾಡೆಗೆ ಹೆಂಡತಿಯ ಜೊತೆ ಹೋಗು, ಸಾಮಾನು ತಂದ ಮೇಲೆ ಸಂತೆಯಲ್ಲಿ ನಿಲ್ಲಬೇಡ, ಬಸ್ ತಪ್ಪಿದರೆ ನನಗೆ ಫೋನ್ ಮಾಡು. ಇಷ್ಟೇ ಮಾತು. ಆದರೆ ಇದನ್ನು ಹೇಳುವವನು ಅದೇ ಸಂತೆಯಲ್ಲಿ ಬಿದ್ದು ಎದ್ದವನು ಅಂತ ಊರಿಗೇ ಗೊತ್ತಿರುವುದರಿಂದ ಆ ಮಾತಿಗೆ ತೂಕ.

ಒಬ್ಬ ಕುಡುಕ ಇನ್ನೊಬ್ಬ ಕುಡುಕನಿಗೆ ಸಹಾಯ ಮಾಡುವುದರಿಂದ ಇಬ್ಬರೂ ಉಳಿಯುತ್ತಾರೆ ಅನ್ನುವ ಯೋಚನೆಯ ಮೇಲೇ 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾಗಿದ್ದು. ಅದು ಸ್ವಸಹಾಯದ ಕೂಟ, ಅಲ್ಲಿ ಸಂಬಳ ಇಲ್ಲ, ಎಲ್ಲರೂ ಸಮಾನರು. ಆರೋಗ್ಯ ಸೇವೆಯ ಪೀರ್ ವರ್ಕರ್ ಅಂದರೆ ಅದಕ್ಕಿಂತ ಸ್ವಲ್ಪ ಬೇರೆ, ಇಲ್ಲಿ ಜವಾಬ್ದಾರಿ ಒಂದು ಕಡೆಯದು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯುತ್ತಿದ್ದವರು ದಿಢೀರ್ ಅಂತ ನಿಲ್ಲಿಸುವುದು ಅಪಾಯ. ಮಾಲೆ ಹಾಕಿದರು ಅಂತಲೋ, ಹೆಂಡತಿ ಮೇಲೆ ಆಣೆ ಮಾಡಿದರು ಅಂತಲೋ ಒಂದೇ ದಿನಕ್ಕೆ ನಿಲ್ಲಿಸುತ್ತಾರೆ, ಎಲ್ಲರೂ ಖುಷಿಪಡುತ್ತಾರೆ. ಕೈ ನಡುಕ, ಬೆವರು, ನಿದ್ದೆ ಇಲ್ಲದಿರುವುದು ಮೊದಲು ಬರುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಕೆಲವರಿಗೆ ದಿಕ್ಕು ತಪ್ಪಿ, ಇಲ್ಲದ ಹುಳ ಹುಪ್ಪಟೆ ಕಾಣಿಸಿ, ಜ್ವರ ಬಂದು ಪ್ರಾಣಕ್ಕೇ ಕುತ್ತಾಗುತ್ತದೆ. ಇದನ್ನು ದೆವ್ವ ಹಿಡಿಯಿತು ಅಂತ ಮನೆಯಲ್ಲಿ ಕೂರಿಸಬಾರದು. "ನಾನು ಹಾಗೇ ಮನೆಯಲ್ಲೇ ಬಿಟ್ಟೆ, ನಿನಗೂ ಆಗುತ್ತೆ" ಅಂತ ಪೀರ್ ವರ್ಕರ್ ಯಾವತ್ತೂ ಹೇಳಬಾರದು. ಅವರ ದೇಹ ಬೇರೆ, ಇವರ ದೇಹ ಬೇರೆ. ಬಿಡುವ ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು, ಆ ಮೊದಲ ವಾರಕ್ಕೆ ಔಷಧಿ ಇದೆ.

ಕಥೆ ಹೇಳುವುದಕ್ಕೂ ಒಂದು ಹದ ಇದೆ

ಅನುಭವ ಇದ್ದರೆ ಸಾಕು, ಯಾರು ಬೇಕಾದರೂ ಮಾಡಬಹುದು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಅನುಭವ ಇರುವ ಎಲ್ಲರೂ ಇನ್ನೊಬ್ಬರ ಮಾತು ಕೇಳಲಾರರು. ಎದುರಿಗಿದ್ದವರು ಒಂದು ವಾಕ್ಯ ಹೇಳಿದ ತಕ್ಷಣ "ನನ್ನದು ಕೇಳು, ನನಗೆ ಇದಕ್ಕಿಂತ ಜೋರಾಗಿತ್ತು" ಅಂತ ಶುರು ಮಾಡುವವರು ಪೀರ್ ಕೆಲಸಕ್ಕೆ ಇನ್ನೂ ತಯಾರಾಗಿಲ್ಲ. ತರಬೇತಿಯಲ್ಲಿ ಮುಖ್ಯವಾಗಿ ಕಲಿಯುವುದೇ ಇದನ್ನು: ಯಾವಾಗ ತನ್ನ ಕಥೆ ಹೇಳಬೇಕು, ಎಷ್ಟು ಹೇಳಬೇಕು, ಯಾವಾಗ ಬಾಯಿ ಮುಚ್ಚಿ ಕೂರಬೇಕು. ನಾನು ಹೇಳುತ್ತಿರುವ ಈ ಮಾತು ಅವರಿಗೆ ಉಪಯೋಗವಾ ಅಥವಾ ನನ್ನ ಎದೆ ಹಗುರ ಮಾಡಿಕೊಳ್ಳಲಾ ಅಂತ ಮನಸ್ಸಿನಲ್ಲೇ ಕೇಳಿಕೊಂಡರೆ ಮುಕ್ಕಾಲು ಪಾಲು ಸರಿಹೋಗುತ್ತದೆ.

ಗುಟ್ಟು ಕಾಪಾಡುವುದು ಇದಕ್ಕಿಂತ ಕಷ್ಟ. ಬೆಂಗಳೂರಿನಲ್ಲಿ ಪೀರ್ ವರ್ಕರ್‌ಗೆ ತನ್ನ ಬಳಿ ಬಂದವರು ಮತ್ತೆ ಎಲ್ಲೂ ಎದುರಾಗದೆ ಇರಬಹುದು. ಇಲ್ಲಿ ಪರಿಚಯವಾದ ಮೊದಲ ನಿಮಿಷದಲ್ಲೇ "ಯಾವ ಒಕ್ಕ?" (ಕೊಡವರ ಮನೆತನ) ಇಲ್ಲವೇ "ಯಾವ ತೋಟದವರು?" ಅಂತ ಕೇಳುತ್ತಾರೆ, ಅಲ್ಲಿಗೆ ಜಾತಕ ಎಲ್ಲ ಗೊತ್ತಾಯಿತು. ಸಂತೆಯಲ್ಲಿ ಸಿಕ್ಕಾಗ ಪೀರ್ ವರ್ಕರ್ ತಾನಾಗಿ ಮಾತಾಡಿಸಿದರೂ ಪಕ್ಕದಲ್ಲಿದ್ದವರಿಗೆ ಸುಳಿವು ಸಿಗುತ್ತದೆ, "ಓ, ಇವರೂ ಆ ಮಾತ್ರೆ ತಗೊಳ್ತಾರಾ?" ಹಾಗಾಗಿ ಮೊದಲ ಭೇಟಿಯಲ್ಲೇ ಮಾತಾಡಿಕೊಂಡಿರಬೇಕು: ಹೊರಗೆ ಸಿಕ್ಕರೆ ನಾನು ಗುರುತು ತೋರಿಸಬೇಕಾ, ಬೇಡವಾ? ಮನೆಗೆ ಬರಬಹುದಾ, ಬೇರೆ ಕಡೆ ಸಿಗೋಣವಾ? ಯಾರಾದರೂ ಕೇಳಿದರೆ ಯಾರು ಅಂತ ಹೇಳಲಿ? ಎಚ್‌ಐವಿ ಇರುವವರ ವಿಷಯದಲ್ಲಂತೂ ಗುಟ್ಟು ಬಿಟ್ಟುಕೊಡುವುದು ಕಾನೂನಿಗೇ ವಿರುದ್ಧ, 2017ರಲ್ಲಿ ಅದಕ್ಕಾಗಿಯೇ ಒಂದು ಕಾಯ್ದೆ ಆಗಿದೆ.

ಗುಟ್ಟಿಗೂ ಒಂದು ಮಿತಿ ಇದೆ. ಪ್ರಾಣಕ್ಕೆ ಅಪಾಯ ಅಂತ ಕಂಡರೆ ಪೀರ್ ವರ್ಕರ್ ಅದನ್ನು ಒಬ್ಬರೇ ಇಟ್ಟುಕೊಳ್ಳುವುದಿಲ್ಲ, ತಂಡಕ್ಕೆ ಹೇಳುತ್ತಾರೆ. ಇದನ್ನೂ ಮೊದಲ ದಿನವೇ ಹೇಳಿಬಿಡಬೇಕು, ಆಮೇಲೆ ಹೇಳಿದರೆ ಮೋಸ ಮಾಡಿದ ಹಾಗೆ. ಬದುಕು ಬೇಡ ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಕೇಳಿದರೆ ಎಷ್ಟೋ ಜನರಿಗೆ ಎದೆ ಮೇಲಿನ ಭಾರ ಇಳಿದಂತಾಗುತ್ತದೆ. ಅಂಥ ಹೊತ್ತಿನಲ್ಲಿ ಅವರನ್ನು ಒಂಟಿಯಾಗಿ ಬಿಡಬಾರದು, ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿ ಇಲ್ಲದ ಹಾಗೆ, ಸ್ಟೋರಿಗೆ ಬೀಗ ಬಿದ್ದಿರುವ ಹಾಗೆ ನೋಡಿಕೊಳ್ಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಾಣ ಕಳೆದುಕೊಳ್ಳಲು ನೋಡಿ, ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಆಸ್ಪತ್ರೆಗೆ ಹೋಗದವರಿಗೂ ಒಂದು ಮಾತು. ತೀವ್ರ ಒತ್ತಡದಲ್ಲಿದ್ದವರು ಅಂತಲೇ ಅವರನ್ನು ನೋಡಬೇಕು, ಶಿಕ್ಷೆ ಕೊಡಬಾರದು ಅನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಕಲಮೂ ಇಲ್ಲ.

ಇದರಿಂದ ನಿಜವಾಗಿ ಉಪಯೋಗ ಇದೆಯಾ?

ಈ ಯೋಚನೆ ಹಳೆಯದು. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನ ಬಿಸೆತ್ರ್ ಆಸ್ಪತ್ರೆಯಲ್ಲಿ ಜಾನ್ ಬಾಪ್ಟಿಸ್ಟ್ ಪುಸ್ಸಾಂ ಅನ್ನುವ ಮೇಲ್ವಿಚಾರಕ, ವಾಸಿಯಾದ ರೋಗಿಗಳನ್ನೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದ. ಅವರು ಹೊಡೆಯುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಅವನೂ ಹಿಂದೆ ಅದೇ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವನು. ಇದಕ್ಕೆ ಸಂಬಳದ ಕೆಲಸ ಅನ್ನುವ ಗಟ್ಟಿ ರೂಪ ಬಂದಿದ್ದು ತುಂಬ ಈಚೆಗೆ, 1999ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯ ಸರ್ಕಾರಿ ವಿಮೆಯಿಂದಲೇ ಪೀರ್ ಸಪೋರ್ಟ್‌ಗೆ ಹಣ ಕೊಡಲು ಶುರು ಮಾಡಿದಾಗ. ನಮ್ಮ ದೇಶದಲ್ಲಿ ಗುಜರಾತಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿರೈಟ್ಸ್ ಯೋಜನೆಯಡಿ ಚಿಕಿತ್ಸೆ ಪಡೆದವರಿಗೇ ತರಬೇತಿ ಕೊಟ್ಟು ಪೀರ್ ಬೆಂಬಲಕ್ಕೆ ಹಚ್ಚಿದರು. ಇನ್ನು ನಮ್ಮ ಪಕ್ಕದ ಮೈಸೂರಿನಲ್ಲಿ ಆಶೋದಯ ಸಮಿತಿಯ ಲೈಂಗಿಕ ಕಾರ್ಯಕರ್ತೆಯರು ಎಚ್‌ಐವಿ ತಡೆಯುವ ಕೆಲಸವನ್ನು ತಾವೇ ಮುಂದೆ ನಿಂತು ನಡೆಸಿದ್ದಾರೆ. ಡಾಕ್ಟರ್ ಹೇಳಿದರೆ ಕೇಳದವರು ತಮ್ಮವರೇ ಹೇಳಿದಾಗ ಕೇಳಿದರು.

ಪುರಾವೆಯ ವಿಷಯದಲ್ಲಿ ಪ್ರಾಮಾಣಿಕವಾಗಿ ಇರಬೇಕು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನ ಬಂತು, 441 ಜನರನ್ನು ಸೇರಿಸಿಕೊಂಡಿದ್ದು. ಮಾನಸಿಕ ಬಿಕ್ಕಟ್ಟಿನಿಂದ ಚೇತರಿಸಿಕೊಂಡು ತುರ್ತು ತಂಡದ ಆರೈಕೆಯಿಂದ ಹೊರಬಂದವರಿಗೆ ಚೇತರಿಕೆಯ ಬಗ್ಗೆ ಒಂದು ಪುಸ್ತಕ ಕೊಟ್ಟರು. ಅರ್ಧ ಜನರಿಗೆ ಪುಸ್ತಕ ಅಂಚೆಯಲ್ಲಿ ಹೋಯಿತು. ಉಳಿದ ಅರ್ಧ ಜನರ ಜೊತೆ ಪೀರ್ ವರ್ಕರ್ ಕೂತು ಅದೇ ಪುಸ್ತಕದ ಮೇಲೆ ಕೆಲಸ ಮಾಡಿದರು. ಒಂದು ವರ್ಷದೊಳಗೆ ಮತ್ತೆ ತುರ್ತು ಆರೈಕೆಗೆ ಬಂದವರು ಮೊದಲ ಗುಂಪಿನಲ್ಲಿ ಶೇ. 38, ಎರಡನೆಯದರಲ್ಲಿ ಶೇ. 29. ಪುಸ್ತಕ ಒಂದೇ, ಜೊತೆಗೆ ಮನುಷ್ಯ ಇದ್ದದ್ದಷ್ಟೇ ವ್ಯತ್ಯಾಸ. ಆದರೆ 2022ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಅದೂ ಇಂಗ್ಲೆಂಡಿನದೇ, ಒಟ್ಟಾರೆಯಾಗಿ ಮತ್ತೆ ಅಡ್ಮಿಟ್ ಆಗುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಪೀರ್ ಬೆಂಬಲದಿಂದ ಭರವಸೆ, ಆತ್ಮವಿಶ್ವಾಸ, ಒಂಟಿ ಅನ್ನಿಸದಿರುವುದು ಜಾಸ್ತಿಯಾಗುತ್ತದೆ, ರೋಗಲಕ್ಷಣಗಳ ಮೇಲೆ ಪರಿಣಾಮ ಕಡಿಮೆ. ಒಟ್ಟು ಸಂಶೋಧನೆಗಳು ಹೇಳುವುದು ಹೆಚ್ಚುಕಡಿಮೆ ಇದನ್ನೇ. ಅಂದರೆ ಮಾತ್ರೆಗೆ ಇದು ಬದಲಿ ಆಗುವುದಿಲ್ಲ. ಮಾತ್ರೆ ತಗೊಂಡು ಬದುಕಲು ಕಾರಣ ಬೇಕಲ್ಲ, ಆ ಕಡೆ ಇದು ಕೆಲಸ ಮಾಡುತ್ತದೆ.

2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮನೆ ಕಳೆದುಕೊಂಡವರನ್ನು ನೆನೆಸಿಕೊಂಡರೆ ನನಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಕ್ಕಂದೂರು, ಜೋಡುಪಾಲದ ಕಡೆಯ ಎಷ್ಟೋ ಜನರಿಗೆ ಹೊಸ ಮನೆ ಸಿಕ್ಕಿ ವರ್ಷಗಳಾಗಿವೆ. ಆದರೂ ಜೂನ್ ತಿಂಗಳಲ್ಲಿ ಮಳೆ ಎರಡು ದಿನ ಬಿಡದೆ ಸುರಿದರೆ ರಾತ್ರಿ ನಿದ್ದೆ ಇಲ್ಲ, ಬ್ಯಾಗ್ ಕಟ್ಟಿ ಬಾಗಿಲ ಹತ್ತಿರ ಇಟ್ಟುಕೊಳ್ಳುವವರಿದ್ದಾರೆ. ಹೊರಗಿನವರು "ಇನ್ನೂ ಅದನ್ನೇ ಯೋಚನೆ ಮಾಡ್ತೀರಲ್ಲ" ಅನ್ನುತ್ತಾರೆ. ಗುಡ್ಡ ಜಾರುವ ಸದ್ದು ಕೇಳಿದ ಇನ್ನೊಬ್ಬರು ಹಾಗೆ ಅನ್ನುವುದಿಲ್ಲ.

ಈಗ ಆ ಎರಡನೇ ಪ್ರಶ್ನೆ

"ಅವರಿಗೇ ಹುಷಾರಿಲ್ಲ" ಅನ್ನುವ ಮಾತು. ಹೌದು, ಪೀರ್ ವರ್ಕರ್‌ಗೆ ಮತ್ತೆ ಹುಷಾರು ತಪ್ಪಬಹುದು. ಡಯಾಬಿಟೀಸ್ ಇರುವ ನರ್ಸ್‌ಗೂ ತಪ್ಪಬಹುದು. ಆಗ ರಜೆ ಕೊಡಬೇಕು, ಚಿಕಿತ್ಸೆ ಸಿಗಬೇಕು, ವಾಪಸ್ ಬಂದಾಗ ಕೆಲಸ ಇರಬೇಕು. ಬೇರೆ ಯಾವ ಕೆಲಸಗಾರರಿಗೂ ಇರಬೇಕಾದ ವ್ಯವಸ್ಥೆ ಇದು. ಬೇರೆಯವರ ನೋವು ಕೇಳಿ ಕೇಳಿ ತನ್ನ ಹಳೆಯ ಗಾಯ ಕೆದಕುವುದು ಈ ಕೆಲಸದಲ್ಲಿ ನಿಜವಾದ ಅಪಾಯ, ಅದಕ್ಕೇ ಇವರ ಬೆನ್ನಿಗೆ ಒಬ್ಬರು ಇರಬೇಕು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೂತು, "ಯಾವ ಮನೆ ಕಷ್ಟ ಆಯ್ತು? ನಿನಗೆ ಹೇಗಿದೆ?" ಅಂತ ಕೇಳುವ ಸೋಶಿಯಲ್ ವರ್ಕರ್ ಇಲ್ಲವೇ ಅನುಭವಿ ಪೀರ್ ಒಬ್ಬರು. ಇದಿಲ್ಲದೆ ಪೀರ್ ವರ್ಕರ್‌ಗಳನ್ನು ಕಳಿಸುವ ಯೋಜನೆ ಜನರನ್ನು ಹಿಂಡಿ ಬಿಸಾಡುವ ಯೋಜನೆ.

ನನಗೆ ಕೋಪ ಬರುವುದು ದುಡ್ಡಿನ ವಿಷಯದಲ್ಲಿ. ತುಂಬ ಕಡೆ ಪೀರ್‌ಗಳಿಗೆ ಸಿಗುವುದು ಗೌರವಧನ, ಕೆಲವು ಕಡೆ ಬಸ್ ಚಾರ್ಜು, ಇನ್ನು ಕೆಲವು ಕಡೆ ಒಂದು ಸರ್ಟಿಫಿಕೇಟು ಮತ್ತು ಶಾಲು. ವೇದಿಕೆ ಮೇಲೆ ಕರೆದು ಕಥೆ ಹೇಳಿಸಿ ಫೋಟೋ ತೆಗೆದು ಕಳಿಸುತ್ತಾರೆ. ಅನುಭವಕ್ಕೆ ಬೆಲೆ ಇದೆ ಅಂತ ಭಾಷಣ ಮಾಡುವವರು ಆ ಬೆಲೆಯನ್ನು ರೂಪಾಯಿಯಲ್ಲೂ ಕೊಡಬೇಕಲ್ವಾ? ಬೆಟ್ಟ ಹತ್ತಿ ಇಳಿದು ಮನೆ ಮನೆ ತಿರುಗುವವರು ತೋಟದ ಕೂಲಿಯನ್ನು ಬಿಟ್ಟು ಬಂದಿರುತ್ತಾರೆ. ಕನಿಷ್ಠ ಆ ಕೂಲಿಗೆ ಕಡಿಮೆಯಾಗದಂತೆ ಕೊಡಬೇಕು, ಹೇಳಿದ ದಿನಕ್ಕೆ ಕೊಡಬೇಕು.

ನಿಮಗೆ ಈ ಕೆಲಸ ಮಾಡಬೇಕು ಅನ್ನಿಸಿದರೆ ಕೇಳಿ ನೋಡಬೇಕಾದ ಜಾಗಗಳು ಜಿಲ್ಲಾ ಕ್ಷಯರೋಗ ವಿಭಾಗ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ, ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಸೆಂಟರ್, ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಕುಡಿತ ಬಿಟ್ಟವರ ಕೂಟಗಳು. ಸದ್ಯ ಹುದ್ದೆ ಇರಬಹುದು, ಇಲ್ಲದೆಯೂ ಇರಬಹುದು. ಒಪ್ಪಿಕೊಳ್ಳುವ ಮೊದಲು ನಿಮ್ಮ ಮನೆಯವರ ಜೊತೆ ಕೂತು ಮಾತಾಡಿ, ಯಾಕೆಂದರೆ ನಿಮ್ಮ ಕಾಯಿಲೆ ಊರಿಗೆ ಗೊತ್ತಾದರೆ ಅದರ ಬಿಸಿ ಅವರಿಗೂ ತಟ್ಟುತ್ತದೆ. ನಿಮ್ಮ ಕಥೆಯಲ್ಲಿ ಯಾವ ಭಾಗ ಹೇಳಬಹುದು, ಯಾವುದು ನಿಮ್ಮಲ್ಲೇ ಇರಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಆಮೇಲೆ ಕೆಲಸ ಕೊಡುವವರನ್ನು ನೇರವಾಗಿ ಕೇಳಿ: ತರಬೇತಿ ಎಷ್ಟು ದಿನ, ಯಾರು ಕೊಡುತ್ತಾರೆ? ನನ್ನ ಹೆಸರು, ಫೋಟೋ ಎಲ್ಲಿ ಹಾಕುತ್ತೀರಿ, ಬೇಡ ಅಂದರೆ ಬಿಡುತ್ತೀರಾ? ರಾತ್ರಿ ಯಾರಾದರೂ ತೊಂದರೆಯಲ್ಲಿ ಫೋನ್ ಮಾಡಿದರೆ ನಾನು ಯಾರಿಗೆ ಫೋನ್ ಮಾಡಬೇಕು? ನನಗೆ ಹುಷಾರು ತಪ್ಪಿದರೆ ರಜೆ ಹೇಗೆ? ಬಸ್ಸಿಲ್ಲದ ಕಡೆ ಆಟೋಗೋ ಜೀಪಿಗೋ ಕೊಟ್ಟ ದುಡ್ಡು ಬಿಲ್ ಇಲ್ಲದಿದ್ದರೂ ವಾಪಸ್ ಸಿಗುತ್ತಾ? ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ.